ಗಾಡಿಗೆ ಹ್ಯಾಮ್ ಆಂಟೆನಾ: ಹೆಚ್ಚು ದೂರ ಮುಟ್ಟಲು ಯಾವುದನ್ನು ಆರಿಸಬೇಕು?

ಗಾಡಿಯಲ್ಲಿ ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ಮಾತಾಡುವ ರೇಡಿಯೋ) ಕೂರಿಸಿಕೊಂಡವರಿಗೆ ಸ್ವಲ್ಪ ದಿನದಲ್ಲೇ ಒಂದು ಆಸೆ ಹುಟ್ಟುತ್ತದೆ. ಈಗ ಸಿಗುವ ರಿಪೀಟರ್ (ಎತ್ತರದಲ್ಲಿ ನಿಂತು ನಮ್ಮ ಮಾತನ್ನು ಹಿಡಿದು ಮತ್ತೆ ಬಿಡುವ ಸ್ಟೇಷನ್) ಇನ್ನೂ ದೂರದವರೆಗೆ ಸಿಗಬೇಕು. ಸಿಂಪ್ಲೆಕ್ಸ್‌ನಲ್ಲಿ, ಅಂದರೆ ರಿಪೀಟರ್ ಇಲ್ಲದೆ ನೇರವಾಗಿ, ಇನ್ನೊಂದು ಗಾಡಿಯ ಜೊತೆ ಇನ್ನೂ ನಾಲ್ಕಾರು ಕಿಲೋಮೀಟರ್ ಮಾತಾಡಬೇಕು. ಆಗ ಹೆಚ್ಚಿನವರ ಕಣ್ಣು ಹೋಗುವುದು ಜಾಸ್ತಿ ವ್ಯಾಟಿನ ಸೆಟ್ ಕಡೆಗೆ, ಇಲ್ಲವೇ ದೊಡ್ಡ ಗೇನ್ (ಸಿಗ್ನಲನ್ನು ಬೇಕಾದ ಕಡೆ ಕೂಡಿಸುವ ಗುಣ) ಬರೆದಿರುವ ಉದ್ದದ ಆಂಟೆನಾ ಕಡೆಗೆ. ನನ್ನ ಪ್ರಕಾರ ಇವೆರಡರ ಸರದಿ ಆಮೇಲೆ ಬರಬೇಕು. ಮೊದಲು ನೋಡಬೇಕಾದ್ದು ಆಂಟೆನಾ ಗಾಡಿಯ ಮೇಲೆ ಎಲ್ಲಿ ನಿಂತಿದೆ, ಅದರ ಬುಡದ ಸುತ್ತ ಲೋಹ ಎಷ್ಟಿದೆ ಅನ್ನುವುದು. ಆಮೇಲೆ ಕೇಬಲ್, ಆಮೇಲೆ ಆಂಟೆನಾ. ವ್ಯಾಟ್ ಎಲ್ಲಕ್ಕಿಂತ ಕೊನೆ. ಯಾಕೆ ಈ ಸಾಲು ಅಂತ ಒಂದೊಂದಾಗಿ ಹೇಳುತ್ತೇನೆ.

ಒಂದೆರಡು ಲೆಕ್ಕ ಮೊದಲೇ ಕೈಯಲ್ಲಿರಲಿ. ಡಿಬಿ (ಡೆಸಿಬೆಲ್) ಅನ್ನುವುದು ಶಕ್ತಿ ಎಷ್ಟು ಪಟ್ಟು ಅಂತ ಹೇಳುವ ಅಳತೆ. 3 ಡಿಬಿ ಅಂದರೆ ಶಕ್ತಿ ಎರಡು ಪಟ್ಟು. 10 ಡಿಬಿ ಅಂದರೆ ಹತ್ತು ಪಟ್ಟು. ಬರುವ ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್-ಮೀಟರಿನ ಒಂದು ಅಂಕ 6 ಡಿಬಿ, ಅಂದರೆ ನಾಲ್ಕು ಪಟ್ಟು. 25 ವ್ಯಾಟಿನ ಸೆಟ್ ತೆಗೆದು 50 ವ್ಯಾಟಿನದು ಹಾಕಿದರೆ ಆ ಕಡೆಯವರ ಮೀಟರಿನಲ್ಲಿ ಅರ್ಧ ಅಂಕ ಏರುತ್ತದೆ, ಅಷ್ಟೇ. ಅದೂ ನೀವು ಮಾತಾಡುವಾಗ ಮಾತ್ರ. ನಿಮಗೆ ಕೇಳಿಸುವುದು ಮೊದಲಿನಷ್ಟೇ. ಅದೇ 3 ಡಿಬಿಯನ್ನು ಆಂಟೆನಾ ಕಡೆ ಉಳಿಸಿಕೊಂಡರೆ ಹೇಳುವುದಕ್ಕೂ ಸಿಕ್ಕಿತು, ಕೇಳುವುದಕ್ಕೂ ಸಿಕ್ಕಿತು.

ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಸ್), ಯುಎಚ್‌ಎಫ್ (300ರಿಂದ 3000 ಮೆಗಾಹರ್ಟ್ಸ್) ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ. 2 ಮೀಟರ್ ಎತ್ತರದಲ್ಲಿರುವ ಆಂಟೆನಾಗೆ ಅದು 6 ಕಿ.ಮೀ.ಗೆ ಹತ್ತಿರ. ಸುತ್ತಲಿನ ನೆಲಕ್ಕಿಂತ 100 ಮೀಟರ್ ಮೇಲಿರುವ ರಿಪೀಟರಿಗೆ 41 ಕಿ.ಮೀ. ಎರಡನ್ನೂ ಕೂಡಿದರೆ ಬಯಲಿನಲ್ಲಿ ಸುಮಾರು 47 ಕಿ.ಮೀ. ಎರಡು ಗಾಡಿಗಳ ನಡುವೆ ಆದರೆ ಬರೀ 12 ಕಿ.ಮೀ. ದಿಗಂತ ದಾಟಿದ ಕೂಡಲೇ ಸಿಗ್ನಲ್ ಸತ್ತುಹೋಗುವುದಿಲ್ಲ, ಆದರೆ ಬೇಗ ಬೇಗ ಇಳಿಯುತ್ತದೆ. ನಾವು ಉಳಿಸುವ ಒಂದೊಂದು ಡಿಬಿಯೂ ಕೆಲಸಕ್ಕೆ ಬರುವುದು ಆ ಅಂಚಿನಲ್ಲಿ.

ಜಾಗ: ಟಾಪ್, ಡಿಕ್ಕಿ, ಬಾನೆಟ್, ಬಂಪರ್

ಗಾಡಿಯ ಮೇಲೆ ಕಾಣುವ ಕಡ್ಡಿ ಆಂಟೆನಾದ ಅರ್ಧ ಭಾಗ. ಇನ್ನರ್ಧ ಅದರ ಬುಡದ ಸುತ್ತಲಿನ ತಗಡು. ಗ್ರೌಂಡ್ ಪ್ಲೇನ್ ಅನ್ನುವುದು ಇದಕ್ಕೇ. ಕಡ್ಡಿಯಲ್ಲಿ ಹರಿಯುವ ಕರೆಂಟಿಗೆ ಸಮನಾದ ಕರೆಂಟ್ ಈ ತಗಡಿನಲ್ಲೂ ಹರಿಯಬೇಕು. ಬುಡದಿಂದ ಎಲ್ಲ ದಿಕ್ಕಿಗೂ ಕಾಲು ತರಂಗದಷ್ಟು (ಅಲೆಯ ಉದ್ದದ ನಾಲ್ಕನೇ ಒಂದು ಭಾಗ) ಲೋಹ ಹರಡಿದ್ದರೆ ಚೆನ್ನ. 2 ಮೀಟರ್ ಬ್ಯಾಂಡಿನಲ್ಲಿ (145 ಮೆಗಾಹರ್ಟ್ಸ್ ಆಸುಪಾಸು) ಅದು ಸುಮಾರು 50 ಸೆಂ.ಮೀ., 70 ಸೆಂ.ಮೀ. ಬ್ಯಾಂಡಿನಲ್ಲಿ (435 ಮೆಗಾಹರ್ಟ್ಸ್ ಆಸುಪಾಸು) ಸುಮಾರು 17 ಸೆಂ.ಮೀ. ಕಾರಿನ ಟಾಪ್ ನಡುವೆ ಆಂಟೆನಾ ನಿಲ್ಲಿಸಿದರೆ ಈ ಅಳತೆ ಹೆಚ್ಚಿನ ಗಾಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಜೊತೆಗೆ ಗಾಡಿಯ ಅತಿ ಎತ್ತರದ ಜಾಗವೂ ಅದೇ. ಸುತ್ತ ಅಡ್ಡ ಬರುವುದು ಏನೂ ಇಲ್ಲ, ಸಿಗ್ನಲ್ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮನಾಗಿ ಹೋಗುತ್ತದೆ. ಸಾಧ್ಯವಿದ್ದರೆ ಬೇರೆ ಯೋಚನೆ ಬೇಡ, ಟಾಪ್ ನಡುವೆಯೇ ಹಾಕಿ.

ಟಾಪಿನ ಒಂದು ಅಂಚಿಗೆ ಸರಿಸಿದರೆ ಏನಾಗುತ್ತದೆ? ಎತ್ತರ ಉಳಿಯುತ್ತದೆ, ಆದರೆ ಸುತ್ತಲಿನ ಲೋಹ ಒಂದೇ ಕಡೆಗೆ ವಾಲುತ್ತದೆ. ಸಿಗ್ನಲ್ ಸಾಮಾನ್ಯವಾಗಿ ಲೋಹ ಜಾಸ್ತಿ ಇರುವ ದಿಕ್ಕಿಗೆ ಜಾಸ್ತಿ ಹೋಗುತ್ತದೆ. ಎಡ ಹಿಂಮೂಲೆಯಲ್ಲಿ ಆಂಟೆನಾ ಇದ್ದರೆ ಬಲ ಮುಂದಿನ ದಿಕ್ಕು ಜೋರು, ಎಡ ಹಿಂದಿನ ದಿಕ್ಕು ಮೆತ್ತಗೆ. ದಿನಾ ಒಂದೇ ರಸ್ತೆಯಲ್ಲಿ ಹೋಗುವಾಗ ರಿಪೀಟರ್ ಚೆನ್ನಾಗಿ ಸಿಕ್ಕು, ಬರುವಾಗ ಅದೇ ಜಾಗದಲ್ಲಿ ಒಡೆಯುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ.

ಡಿಕ್ಕಿಯ ಮುಚ್ಚಳ ಎರಡನೇ ಆಯ್ಕೆ. ಸೆಡಾನ್ ಕಾರಿನಲ್ಲಿ ಮುಚ್ಚಳದ ನಡುವೆ ಸಾಕಷ್ಟು ಲೋಹ ಸಿಗುತ್ತದೆ. ಆದರೆ ಟಾಪ್ ಅದಕ್ಕಿಂತ ಮೇಲಿರುತ್ತದೆ, ಆದ್ದರಿಂದ ಗಿಡ್ಡ ಆಂಟೆನಾ ಹಾಕಿದರೆ ಮುಂದಿನ ದಿಕ್ಕಿಗೆ ಕಾರಿನ ಮೈಯೇ ಅಡ್ಡ ನಿಲ್ಲುತ್ತದೆ. ಇಲ್ಲಿ ಉದ್ದದ ಆಂಟೆನಾ ಹಾಕುವುದಕ್ಕೆ ಅರ್ಥವಿದೆ, ಯಾಕೆಂದರೆ ಅದರ ಮೇಲ್ಭಾಗ ಟಾಪಿಗಿಂತ ಮೇಲೆ ಬರುತ್ತದೆ. ಬಾನೆಟ್ ಪಕ್ಕದ ಮಡ್‌ಗಾರ್ಡ್ ಅಂಚಿಗೂ ಇದೇ ಮಾತು. ಅಲ್ಲಿ ಇಂಜಿನ್ನಿನ ಗದ್ದಲವೂ (ರೇಡಿಯೋದಲ್ಲಿ ಕೇಳುವ ಕರಕರ) ಹತ್ತಿರ, ಕೂತವರ ತಲೆಯೂ ಹತ್ತಿರ. ಟಾಪ್ ಮೇಲಿನ ಆಂಟೆನಾಗೂ ಕೂತವರಿಗೂ ನಡುವೆ ತಗಡು ಇರುತ್ತದೆ. ಮಡ್‌ಗಾರ್ಡ್ ಮೇಲಿನದಕ್ಕೆ ಗಾಜು ಮಾತ್ರ. 50 ವ್ಯಾಟಿನಲ್ಲಿ ತುಂಬ ಹೊತ್ತು ಮಾತಾಡುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಬಂಪರ್ ವಿಎಚ್‌ಎಫ್, ಯುಎಚ್‌ಎಫ್‌ಗೆ ಬೇಡವೇ ಬೇಡ. ಎತ್ತರ ಇಲ್ಲ, ಗಾಡಿಯ ಮೈ ಪೂರ್ತಿ ಅಡ್ಡ ಇರುತ್ತದೆ. ಎಚ್‌ಎಫ್‌ನ (30 ಮೆಗಾಹರ್ಟ್ಸ್‌ಗಿಂತ ಕೆಳಗಿನ ಅಲೆಗಳ) ದೊಡ್ಡ ಕಡ್ಡಿಗಳಿಗೆ ಮಾತ್ರ ಅದು ಬೇಕಾಗಬಹುದು, ಆ ಕತೆ ಬೇರೆ, ಮುಂದೆ ಬರುತ್ತದೆ.

ಟಾಪ್ ಪೂರ್ತಿ ಗಾಜಿನದ್ದಾದರೆ, ಇಲ್ಲವೇ ಗಾಡಿಯ ಮೈ ಫೈಬರ್‌ನದ್ದಾದರೆ, ಗ್ರೌಂಡ್ ಪ್ಲೇನ್ ಬೇಡದ ಅರ್ಧ ತರಂಗದ ಆಂಟೆನಾ ಆರಿಸಿಕೊಳ್ಳಿ. ಅಂಥ ಗಾಡಿಯಲ್ಲಿ ಕಾಲು ತರಂಗದ ಕಡ್ಡಿ ಹಾಕಿದರೆ ಕೇಬಲಿನ ಹೊರಮೈಯೇ ಆಂಟೆನಾದ ಇನ್ನರ್ಧ ಆಗಿಬಿಡುತ್ತದೆ. ಆಗ ಮೈಕ್ ಹಿಡಿದ ಕೈಯವರೆಗೂ ಆರ್‌ಎಫ್ (ರೇಡಿಯೋ ಅಲೆಯ ಕರೆಂಟ್) ಬರಬಹುದು.

ಮೌಂಟ್: ತೂತು ಕೊರೆಯಬೇಕಾ, ಮ್ಯಾಗ್ನೆಟ್ ಸಾಕಾ?

ಮೌಂಟ್ ಅಂದರೆ ಆಂಟೆನಾವನ್ನು ಗಾಡಿಗೆ ಹಿಡಿಸುವ ಬುಡ. ಎಲ್ಲರಿಗೂ ಮನಸ್ಸು ಎಳೆದಾಡುವುದು ಇಲ್ಲೇ. ತೂತು ಕೊರೆದು ಹಾಕುವ ಮೌಂಟ್‌ಗಳಲ್ಲಿ ಎನ್‌ಎಂಒ ಅನ್ನುವುದು ಹೆಚ್ಚು ಬಳಕೆಯಲ್ಲಿದೆ. ಸಾಮಾನ್ಯವಾಗಿ 19 ಮಿ.ಮೀ. ತೂತು ಬೇಕು. ಇದು ತಗಡನ್ನು ನೇರವಾಗಿ ಕಚ್ಚಿಕೊಳ್ಳುತ್ತದೆ, ಗ್ರೌಂಡ್ ಗಟ್ಟಿ, ಕೇಬಲ್ ಟಾಪಿನ ಒಳಗಿನಿಂದಲೇ ಹೋಗುತ್ತದೆ, ಬಾಗಿಲಿಗೆ ಸಿಕ್ಕಿ ಜಜ್ಜಿಹೋಗುವ ಭಯ ಇಲ್ಲ. ಆಂಟೆನಾ ಬಿಚ್ಚಿ ಇನ್ನೊಂದನ್ನು ತಿರುಗಿಸಿ ಹಾಕಲು ಕ್ಷಣ ಸಾಕು. ಏನೂ ಹಾಕದೆ ಬಿಡುವಾಗ ಮಳೆ ನೀರು ಇಳಿಯದ ಹಾಗೆ ಮುಚ್ಚಳ ಹಾಕಬೇಕು.

ಕೊರೆಯುವ ಮುಂಚೆ ಒಳಗಿನ ದೀಪದ ಜಾಗ ಬಿಚ್ಚಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಅಲ್ಲಿಂದ ಕೈ ಹಾಕಿದರೆ ಟಾಪಿನ ತಗಡು ಮುಟ್ಟುತ್ತದೆ. ಅಡ್ಡ ಪಟ್ಟಿ ಎಲ್ಲಿದೆ, ವೈರ್ ಎಲ್ಲಿದೆ ಅಂತ ಗೊತ್ತಾಗುತ್ತದೆ. ಕೊರೆದ ಅಂಚಿನಲ್ಲಿ ಪೇಂಟ್ ಕಿತ್ತು ಬೆತ್ತಲೆ ಆದ ಲೋಹಕ್ಕೆ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳಬೇಕು, ಆದರೆ ಮೌಂಟ್ ಕಚ್ಚುವ ಒಳಗಿನ ಜಾಗದಲ್ಲಿ ಲೋಹಕ್ಕೆ ಲೋಹ ತಾಗಲೇಬೇಕು. ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಈಗಿನ ಕಾರುಗಳಲ್ಲಿ ಟಾಪಿನ ಎರಡೂ ಅಂಚಿನಲ್ಲಿ, ಕಂಬಗಳ ಒಳಗೆ, ಏರ್‌ಬ್ಯಾಗ್ ಮಡಚಿ ಇಟ್ಟಿರುತ್ತಾರೆ. ಕೇಬಲ್ ಅದರ ಮುಂದೆ ಅಡ್ಡ ಬರಬಾರದು, ಹಿಂದೆ ಬಿಡಬೇಕು. ಎಲೆಕ್ಟ್ರಿಕ್ ಗಾಡಿಯಾದರೆ ಕಿತ್ತಳೆ ಬಣ್ಣದ ಕೇಬಲ್‌ಗಳು ಹೈ ವೋಲ್ಟೇಜಿನವು, ಅವುಗಳ ಹತ್ತಿರ ಕೈಯೂ ಬೇಡ, ಡ್ರಿಲ್ಲೂ ಬೇಡ.

ಮ್ಯಾಗ್ನೆಟ್ ಮೌಂಟ್ ತಗಡನ್ನು ನೇರವಾಗಿ ಮುಟ್ಟುವುದಿಲ್ಲ. ಅದರ ಅಡಿ ಮತ್ತು ಟಾಪಿನ ತಗಡು, ನಡುವೆ ಪೇಂಟ್, ಇವು ಮೂರೂ ಸೇರಿ ಒಂದು ಕೆಪಾಸಿಟರ್ ಆಗುತ್ತದೆ. 145 ಮೆಗಾಹರ್ಟ್ಸ್‌ನಲ್ಲಿ ಈ ಕೆಪಾಸಿಟರ್ ದಾಟಲು ಕರೆಂಟಿಗೆ ಕಷ್ಟವೇ ಇಲ್ಲ. ಹಾಗಾಗಿ 2 ಮೀಟರ್, 70 ಸೆಂ.ಮೀ. ಬ್ಯಾಂಡ್‌ಗಳಲ್ಲಿ ಟಾಪ್ ನಡುವೆ ಕೂತ ಒಳ್ಳೆಯ ಮ್ಯಾಗ್ನೆಟ್‌ಗೂ ತೂತು ಕೊರೆದ ಮೌಂಟಿಗೂ ಸಿಗ್ನಲ್ ಲೆಕ್ಕದಲ್ಲಿ ವ್ಯತ್ಯಾಸ ಸಣ್ಣದು. ಮ್ಯಾಗ್ನೆಟ್ ಅಂದರೆ ಕಳಪೆ ಅನ್ನುವ ಮಾತು ಎಚ್‌ಎಫ್‌ಗೆ ಸರಿ, ಇಲ್ಲಿಗೆ ಸರಿಯಲ್ಲ. ಅದರ ತೊಂದರೆಗಳು ಬೇರೆ. ಅಡಿಯಲ್ಲಿ ಧೂಳು ಸೇರಿ ಪೇಂಟ್ ಗೀರುತ್ತದೆ, ಕೇಬಲ್ ಬಾಗಿಲಿನ ರಬ್ಬರಿನ ಮೇಲೆ ಹಾದುಬರುತ್ತದೆ, ಉದ್ದದ ಆಂಟೆನಾ ಹಾಕಿದರೆ ಕೊಂಬೆ ತಾಗಿ ಮಗುಚಬಹುದು. ಅಲ್ಯೂಮಿನಿಯಂ ಟಾಪಿಗೆ ಅಂಟುವುದೇ ಇಲ್ಲ. ಬಾಡಿಗೆ ಗಾಡಿ, ಆಫೀಸಿನ ಗಾಡಿ, ಇಲ್ಲವೇ ಮಾರಬೇಕು ಅಂದುಕೊಂಡಿರುವ ಗಾಡಿಯಾದರೆ ನಾನು ಮ್ಯಾಗ್ನೆಟ್ ಅನ್ನೇ ಹೇಳುತ್ತೇನೆ. ಆಗಾಗ ಎತ್ತಿ ಅಡಿಯನ್ನೂ ಟಾಪನ್ನೂ ಒರೆಸಿ ಇಡಿ.

ಲಿಪ್ ಮೌಂಟ್ ನಡುವಿನ ದಾರಿ. ಡಿಕ್ಕಿಯ ಅಥವಾ ಹಿಂಬಾಗಿಲಿನ ಅಂಚಿಗೆ ಕಚ್ಚಿಕೊಂಡು, ಸಣ್ಣ ಸ್ಕ್ರೂಗಳಿಂದ ಬಿಗಿಯಾಗುತ್ತದೆ. ಈ ಸ್ಕ್ರೂಗಳು ಪೇಂಟನ್ನು ಕೊರೆದು ಲೋಹ ಮುಟ್ಟಬೇಕು. ಎಷ್ಟೋ ಜನ ಪೇಂಟ್ ಹಾಳಾಗಬಾರದು ಅಂತ ಕೆಳಗೆ ರಬ್ಬರ್ ಇಟ್ಟು ಬಿಗಿಯುತ್ತಾರೆ. ಆಗ ಗ್ರೌಂಡ್ ಸಿಗುವುದಿಲ್ಲ. ಮಲ್ಟಿಮೀಟರಿನಲ್ಲಿ ಮೌಂಟಿಗೂ ಬಾಡಿಗೂ ನಡುವಿನ ರೆಸಿಸ್ಟೆನ್ಸ್ ಅಳೆಯಿರಿ, ಒಂದು ಓಮ್‌ಗಿಂತ ಕಡಿಮೆ ಬರಬೇಕು. ಮುಚ್ಚಳ ಬಾಡಿಗೆ ಸೇರುವುದು ಬರೀ ಗ್ರೀಸ್ ತುಂಬಿದ ಕೀಲಿನಿಂದ. ಅದನ್ನು ನಂಬದೆ, ಒಂದು ಚಪ್ಪಟೆ ತಾಮ್ರದ ಹೆಣಿಗೆ ಪಟ್ಟಿಯಿಂದ ಮುಚ್ಚಳವನ್ನೂ ಬಾಡಿಯನ್ನೂ ಜೋಡಿಸಿದರೆ ಒಳ್ಳೆಯದು. ಖರ್ಚು ಕಡಿಮೆ, ಫಲ ಜಾಸ್ತಿ.

ಲಗೇಜ್ ಇಡುವ ಕ್ಯಾರಿಯರಿಗೆ ಆಂಟೆನಾ ಬಿಗಿಯುವವರು ಒಂದು ನೋಡಿಕೊಳ್ಳಿ. ಹೆಚ್ಚಿನ ಕ್ಯಾರಿಯರ್‌ಗಳು ರಬ್ಬರ್ ಅಥವಾ ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಂತಿರುತ್ತವೆ, ಬಾಡಿಗೆ ತಾಗಿಯೇ ಇರುವುದಿಲ್ಲ. ಇಲ್ಲಿ ಅರ್ಧ ತರಂಗದ ಆಂಟೆನಾ ಹಾಕಿ, ಇಲ್ಲವೇ ಪಟ್ಟಿ ಎಳೆದು ಬಾಡಿಗೆ ಗ್ರೌಂಡ್ ಕೊಡಿ. ಗಾಜಿಗೆ ಅಂಟಿಸುವ ಮೌಂಟ್ ಬಗ್ಗೆ ಹೇಳುವುದು ಇಷ್ಟೇ: ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ. ಗಾಜಿನ ಮೂಲಕ ಸಿಗ್ನಲ್ ದಾಟಿಸುವಲ್ಲಿ ಒಂದಿಷ್ಟು ಹೋಗುತ್ತದೆ, ಲೋಹ ಬೆರೆತ ಫಿಲ್ಮ್ ಇದ್ದರೆ ಇನ್ನೂ ಹೋಗುತ್ತದೆ.

ಆಂಟೆನಾ: ಕಾಲು, ಅರ್ಧ, ಐದೆಂಟನೇ ತರಂಗ

2 ಮೀಟರಿಗೆ ಕಾಲು ತರಂಗದ ಕಡ್ಡಿ ಸುಮಾರು 49 ಸೆಂ.ಮೀ. ಕಾಯಿಲ್ ಇಲ್ಲ, ಕೆಡುವ ಭಾಗ ಇಲ್ಲ, ಬ್ಯಾಂಡಿನ ಉದ್ದಕ್ಕೂ ಎಸ್‌ಡಬ್ಲ್ಯೂಆರ್ (ಸೆಟ್ ಕೊಟ್ಟ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತದೆ ಅಂತ ತೋರಿಸುವ ಅಂಕಿ, 1 ಇದ್ದರೆ ಏನೂ ವಾಪಸ್ ಇಲ್ಲ) ಚೆನ್ನಾಗಿರುತ್ತದೆ. ಇದೇ ಕಡ್ಡಿ 70 ಸೆಂ.ಮೀ. ಬ್ಯಾಂಡಿನಲ್ಲಿ ಮುಕ್ಕಾಲು ತರಂಗ ಆಗುತ್ತದೆ. ಅಲ್ಲೂ ಸೆಟ್ ಒಪ್ಪಿಕೊಳ್ಳುತ್ತದೆ, ಆದರೆ ಸಿಗ್ನಲಿನ ಒಳ್ಳೆಯ ಪಾಲು ದಿಗಂತ ಬಿಟ್ಟು ಮೇಲಕ್ಕೆ ಹೋಗುತ್ತದೆ. 2 ಮೀಟರ್ ಮುಖ್ಯ, 70 ಯಾವಾಗಲೋ ಒಮ್ಮೆ ಅನ್ನುವವರಿಗೆ ಇಷ್ಟು ಸಾಕು.

ಐದೆಂಟನೇ ತರಂಗದ (ಅಲೆಯ ಉದ್ದದ 5/8 ಭಾಗ) ಆಂಟೆನಾ 2 ಮೀಟರಿಗೆ ಸುಮಾರು 1.25 ಮೀಟರ್ ಉದ್ದ, ಬುಡದಲ್ಲಿ ಕಾಯಿಲ್. ಕೊನೆಯೇ ಇಲ್ಲದ ಗ್ರೌಂಡ್ ಪ್ಲೇನ್ ಇದ್ದರೆ ಇದು ಕಾಲು ತರಂಗಕ್ಕಿಂತ ಸುಮಾರು 3 ಡಿಬಿ ಜಾಸ್ತಿ ಕೊಡುತ್ತದೆ ಅಂತ ಲೆಕ್ಕ. ಕಾರಿನ ಟಾಪ್ ಅಂಥದ್ದಲ್ಲವಲ್ಲ. ಒಂದೆರಡು ಡಿಬಿ ಸಿಕ್ಕರೆ ಅದೇ ದೊಡ್ಡದು ಅಂದುಕೊಳ್ಳಿ. ಅದಕ್ಕೂ ಬುಡದಲ್ಲಿ ಒಳ್ಳೆಯ ಲೋಹ ಬೇಕು. ಅಂಚಿನಲ್ಲಿ, ಬಂಪರಿನಲ್ಲಿ ಹಾಕಿದರೆ ಆ ಲಾಭ ಅಲ್ಲೇ ಕರಗುತ್ತದೆ. ಟಾಪ್ ನಡುವಿನ ಕಾಲು ತರಂಗ, ಡಿಕ್ಕಿಯ ಮೂಲೆಯ ಐದೆಂಟನೇ ತರಂಗ, ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಕಣ್ಣು ಮುಚ್ಚಿ ಮೊದಲನೆಯದನ್ನು ಆರಿಸುತ್ತೇನೆ.

ಅರ್ಧ ತರಂಗದ್ದು ಸುಮಾರು ಒಂದು ಮೀಟರ್. ಬುಡದಲ್ಲಿ ಮ್ಯಾಚಿಂಗ್ ಸರ್ಕ್ಯೂಟ್ ಇರುತ್ತದೆ. ಗ್ರೌಂಡ್ ಪ್ಲೇನಿನ ಹಂಗಿಲ್ಲದಿರುವುದೇ ಇದರ ದೊಡ್ಡ ಗುಣ. ಕ್ಯಾರಿಯರ್, ಬಾನೆಟ್ ಅಂಚು, ಫೈಬರ್ ಬಾಡಿ, ಮೋಟಾರ್ ಸೈಕಲ್, ಇಲ್ಲೆಲ್ಲ ಇದೇ ಸರಿ. ಅಂಗಡಿಯಲ್ಲಿ ಸಿಗುವ ಒಂದು ಮೀಟರ್ ಉದ್ದದ ಡ್ಯುಯಲ್ ಬ್ಯಾಂಡ್ ಆಂಟೆನಾಗಳಲ್ಲಿ ಹಲವು 2 ಮೀಟರಿನಲ್ಲಿ ಅರ್ಧ ತರಂಗವಾಗಿ, 70ರಲ್ಲಿ ಒಂದರ ಮೇಲೊಂದು ಐದೆಂಟನೇ ತರಂಗವಾಗಿ ಕೆಲಸ ಮಾಡುತ್ತವೆ. ಎರಡೂ ಬ್ಯಾಂಡ್ ಸಮನಾಗಿ ಬಳಸುವವರಿಗೆ ಇದು ಒಳ್ಳೆಯ ಆಯ್ಕೆ.

ಪೆಟ್ಟಿಗೆಯ ಮೇಲಿನ ಗೇನ್ ಅಂಕಿಯನ್ನು ನಂಬಿ ದುಡ್ಡು ಕೊಡಬೇಡಿ. ಡಿಬಿಐ (ಎಲ್ಲ ಕಡೆಗೂ ಸಮನಾಗಿ ಬಿಡುವ ಕಾಲ್ಪನಿಕ ಆಂಟೆನಾಗೆ ಹೋಲಿಸಿದ್ದು) ಅಂತ ಬರೆದದ್ದು ಡಿಬಿಡಿಗಿಂತ (ಡೈಪೋಲ್ ಅನ್ನುವ ಸಾದಾ ಅರ್ಧ ತರಂಗದ ಆಂಟೆನಾಗೆ ಹೋಲಿಸಿದ್ದು) 2.15 ಜಾಸ್ತಿ ಕಾಣುತ್ತದೆ, ಆಂಟೆನಾ ಅದೇ. ಬರೀ ಡಿಬಿ ಅಂತ ಬರೆದಿದ್ದರೆ ಯಾವುದಕ್ಕೆ ಹೋಲಿಸಿದ್ದು ಅಂತಲೇ ಗೊತ್ತಾಗುವುದಿಲ್ಲ. ಆಂಟೆನಾದ ಉದ್ದ ನೋಡಿ. ಅರ್ಧ ಮೀಟರ್ ಕಡ್ಡಿಗೆ 2 ಮೀಟರಿನಲ್ಲಿ ದೊಡ್ಡ ಗೇನ್ ಬರೆದಿದ್ದರೆ ಅದು ಆಗದ ಮಾತು.

ಗೇನ್ ಅಂದರೆ ಮೇಲಕ್ಕೆ ಹೋಗುವುದನ್ನು ಹಿಸುಕಿ ದಿಗಂತದ ಕಡೆ ತಳ್ಳುವುದು. ಬಯಲು ಸೀಮೆಯಲ್ಲಿ ಓಡಾಡುವವರಿಗೆ ಅದು ಬೇಕು. ಬೆಟ್ಟದ ಕಣಿವೆಯಲ್ಲಿ, ತಲೆಯ ಮೇಲೆ ನಿಂತ ಹಾಗಿರುವ ರಿಪೀಟರಿಗೆ ಮಾತಾಡುವವರಿಗೆ ಕಾಲು ತರಂಗವೇ ಎಷ್ಟೋ ಸಲ ಮೇಲು. ಹೆದ್ದಾರಿಯಲ್ಲಿ ಉದ್ದದ ಕಡ್ಡಿ ಗಾಳಿಗೆ ಹಿಂದಕ್ಕೆ ಬಾಗಿ ಓಲಾಡುತ್ತದೆ. ಅಂಚಿನಲ್ಲಿರುವ ಸಿಗ್ನಲ್ ಅದರ ಜೊತೆಗೇ ಏರಿಳಿಯುತ್ತದೆ. ಎಫ್‌ಎಂ ರಿಪೀಟರ್‌ಗಳು ನೆಟ್ಟಗೆ ನಿಂತ ಆಂಟೆನಾ ಬಳಸುತ್ತವೆ, ನಿಮ್ಮದೂ ನೆಟ್ಟಗಿರಬೇಕು. ಓರೆಯಾಗಿ ಅಂಟಿಸಿದ ಚಂದದ ಆಂಟೆನಾ ಬೇಡ.

ಕೇಬಲ್

ಚಿಕ್ಕ ವಿಷಯ ಅನ್ನಿಸುತ್ತದೆ, ಅಲ್ವಾ? 5 ಮೀಟರ್ ಕೇಬಲ್ ಲೆಕ್ಕ ಹಾಕಿ ನೋಡೋಣ. ಅಗ್ಗದ ಮ್ಯಾಗ್ನೆಟ್ ಮೌಂಟ್‌ಗಳ ಜೊತೆ ಬರುವ ಸಣಕಲು ಆರ್‌ಜಿ-174 ಕೇಬಲಿನಲ್ಲಿ 145 ಮೆಗಾಹರ್ಟ್ಸ್‌ಗೆ ಸುಮಾರು 1.7 ಡಿಬಿ ಹೋಗುತ್ತದೆ. 435 ಮೆಗಾಹರ್ಟ್ಸ್‌ನಲ್ಲಿ 3 ಡಿಬಿಗಿಂತ ಜಾಸ್ತಿ, ಅಂದರೆ 50 ವ್ಯಾಟ್ ಕೊಟ್ಟರೆ ಆಂಟೆನಾಗೆ ಮುಟ್ಟುವುದು ಅರ್ಧಕ್ಕಿಂತ ಕಡಿಮೆ. ಆರ್‌ಜಿ-58 ಆದರೆ 145ರಲ್ಲಿ 1 ಡಿಬಿ, 435ರಲ್ಲಿ 1.7ರ ಆಸುಪಾಸು. ಎಲ್‌ಎಂಆರ್-240 ಆದರೆ ಅರ್ಧ ಡಿಬಿ ಮತ್ತು 0.9 ಡಿಬಿ. ಐದೆಂಟನೇ ತರಂಗದ ಆಂಟೆನಾದಿಂದ ಕಷ್ಟಪಟ್ಟು ಗಳಿಸುವ ಒಂದೆರಡು ಡಿಬಿಯನ್ನು ಸಣಕಲು ಕೇಬಲ್ ನುಂಗಿಹಾಕುತ್ತದೆ.

ಬರೀ 2 ಮೀಟರ್ ಬಳಸುವವರಿಗೆ ಆರ್‌ಜಿ-58 ಸಾಕು. 70 ಸೆಂ.ಮೀ. ಜಾಸ್ತಿ ಬಳಸುವವರು ಎಲ್‌ಎಂಆರ್-240 ಥರದ್ದಕ್ಕೆ ಹೋಗಿ. ಅದಕ್ಕಿಂತ ದಪ್ಪದ್ದು ಗಾಡಿಯೊಳಗೆ ಬಾಗುವುದಿಲ್ಲ, ಸುಮ್ನೆ ಕಷ್ಟ. ಯಾವುದಾದರೂ ಸರಿ, ಬೇಕಾದಷ್ಟೇ ಉದ್ದ ಇಡಿ. ಉಳಿದದ್ದನ್ನು ಸುರುಳಿ ಸುತ್ತಿ ಸೀಟಿನ ಕೆಳಗೆ ತುರುಕುವ ಬದಲು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಹೊರಗಿರುವ ಕನೆಕ್ಟರಿಗೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಕೇಬಲಿನ ತಂತಿ ಹೆಣಿಗೆಯೊಳಗೆ ಒಮ್ಮೆ ನೀರು ಇಳಿದರೆ ಆ ಕೇಬಲ್ ಮತ್ತೆ ಸರಿಹೋಗುವುದಿಲ್ಲ.

ಎಸ್‌ಡಬ್ಲ್ಯೂಆರ್ ಎಷ್ಟು ಬೇಕು?

ಎಸ್‌ಡಬ್ಲ್ಯೂಆರ್ 2 ಬಂದರೆ ಆಂಟೆನಾದಿಂದ ವಾಪಸ್ ಬರುವುದು ಶಕ್ತಿಯ 11 ಶೇಕಡಾ. 1.5 ಆದರೆ 4 ಶೇಕಡಾ. 1.5ರಿಂದ 1.1ಕ್ಕೆ ಇಳಿಸಲು ದಿನವಿಡೀ ಒದ್ದಾಡಿದರೂ ಆ ಕಡೆಯವರಿಗೆ ಏನೂ ಗೊತ್ತಾಗುವುದಿಲ್ಲ. 3 ದಾಟಿದರೆ ಮಾತ್ರ ಸೆಟ್ ತನ್ನನ್ನು ಉಳಿಸಿಕೊಳ್ಳಲು ಪವರ್ ಇಳಿಸಬಹುದು.

ಮೀಟರ್ ಓದುವಾಗ ಒಂದು ಮೋಸ ಇದೆ. ಕೇಬಲಿನಲ್ಲಿ ನಷ್ಟ ಜಾಸ್ತಿ ಇದ್ದಷ್ಟೂ ಸೆಟ್ ಹತ್ತಿರದ ಎಸ್‌ಡಬ್ಲ್ಯೂಆರ್ ಚೆನ್ನಾಗಿ ಕಾಣುತ್ತದೆ. 3 ಡಿಬಿ ನಷ್ಟದ ಕೇಬಲಿನ ತುದಿಯಲ್ಲಿ ಆಂಟೆನಾವೇ ಇಲ್ಲದಿದ್ದರೂ ಮೀಟರ್ 3 ಅಂತಲೇ ತೋರಿಸುತ್ತದೆ. ಆದ್ದರಿಂದ ಸಾಧ್ಯವಾದಷ್ಟು ಆಂಟೆನಾ ಬುಡದಲ್ಲಿ ಅಳೆಯಿರಿ. ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಸಣ್ಣ ಯಂತ್ರ) ಇದ್ದರೆ ಕೆಲಸ ಸುಲಭ. ಬಾಗಿಲು, ಡಿಕ್ಕಿ ಮುಚ್ಚಿ, ಗೋಡೆಯಿಂದ ದೂರ ನಿಲ್ಲಿಸಿ ಅಳೆಯಬೇಕು. ಬ್ಯಾಂಡಿನ ಕೆಳತುದಿಯಲ್ಲಿ ಎಸ್‌ಡಬ್ಲ್ಯೂಆರ್ ಕಡಿಮೆ ಇದ್ದರೆ ಕಡ್ಡಿ ಉದ್ದ ಆಯಿತು, ಮೇಲ್ತುದಿಯಲ್ಲಿ ಕಡಿಮೆ ಇದ್ದರೆ ಗಿಡ್ಡ ಆಯಿತು. ಕತ್ತರಿಸುವಾಗ ಎರಡು ಮೂರು ಮಿಲಿಮೀಟರಿನಂತೆ ಕತ್ತರಿಸಿ.

ವ್ಯಾಟ್, ವೈರ್, ಗದ್ದಲ

ಗಾಡಿಯೊಳಗೆ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸಣ್ಣ ಸೆಟ್) ಹಿಡಿದು ಅದರ ರಬ್ಬರ್ ಆಂಟೆನಾದಲ್ಲೇ ಮಾತಾಡುತ್ತಿದ್ದೀರಾ? ಹಾಗಿದ್ದರೆ ಹೊಸ ಸೆಟ್ ಕೊಳ್ಳುವ ಮುಂಚೆ ಹ್ಯಾಂಡಿಯನ್ನು ಟಾಪ್ ಮೇಲಿನ ಕಾಲು ತರಂಗಕ್ಕೆ ಜೋಡಿಸಿ ನೋಡಿ. ಗಾಡಿಯ ತಗಡಿನ ಒಳಗಿಂದ ಹೊರಗೆ ಬಂದದ್ದೇ ದೊಡ್ಡ ಲಾಭ. 5 ವ್ಯಾಟ್‌ನಿಂದ 50ಕ್ಕೆ ಏರುವುದು ಆಮೇಲೆ.

50 ವ್ಯಾಟಿನ ಸೆಟ್ 11 ಆಂಪಿಯರ್ ಹತ್ತಿರ ಎಳೆಯುತ್ತದೆ. 2.5 ಚದರ ಮಿ.ಮೀ. ತಾಮ್ರದ ವೈರ್ 5 ಮೀಟರ್ ಹೋಗಿ 5 ಮೀಟರ್ ಬಂದರೆ ಮುಕ್ಕಾಲು ವೋಲ್ಟ್ ಬೀಳುತ್ತದೆ. ಸಿಗರೇಟ್ ಲೈಟರ್ ಸಾಕೆಟ್ ಈ ಕೆಲಸಕ್ಕೆ ಆಗುವುದಿಲ್ಲ. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು, ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ. ಹೊಸ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ಮೇಲೆ ಸೆನ್ಸರ್ ಇರುತ್ತದೆ. ಅಲ್ಲಿ ನೆಗೆಟಿವ್ ವೈರನ್ನು ಬ್ಯಾಟರಿ ಗ್ರೌಂಡ್ ಆಗುವ ಬಾಡಿಯ ಬೋಲ್ಟಿಗೆ ಕೊಡಬೇಕು.

ದೂರದವರು ನಿಮ್ಮನ್ನು ಕೇಳುತ್ತಾರೆ, ನಿಮಗೆ ಅವರು ಕೇಳುವುದಿಲ್ಲ ಅಂದರೆ ಗದ್ದಲ ಹುಡುಕಿ. ಡ್ಯಾಶ್ ಕ್ಯಾಮೆರಾ, ಫೋನ್ ಚಾರ್ಜರ್, ಎಲ್‌ಇಡಿ ದೀಪ, ಒಂದೊಂದನ್ನೇ ಕಿತ್ತು ನೋಡಿ. ಇದರಿಂದ ವಾಪಸ್ ಸಿಗುವ ಡಿಬಿಗಳಿಗೆ ಒಂದು ಕಾಸೂ ಖರ್ಚಿಲ್ಲ.

ಎಚ್‌ಎಫ್‌ನಲ್ಲಿ ಲೆಕ್ಕವೇ ಬೇರೆ

7.1 ಮೆಗಾಹರ್ಟ್ಸ್‌ನಲ್ಲಿ (40 ಮೀಟರ್ ಬ್ಯಾಂಡ್) ಕಾಲು ತರಂಗ ಅಂದರೆ ಸುಮಾರು 10 ಮೀಟರ್. ಗಾಡಿಯ ಮೇಲೆ ನಿಲ್ಲುವುದು 2.4 ಮೀಟರ್. ಉಳಿದದ್ದನ್ನು ಕಾಯಿಲ್‌ನಿಂದ ತುಂಬಿಸಬೇಕು. ಇಷ್ಟು ಗಿಡ್ಡ ಕಡ್ಡಿಯ ರೇಡಿಯೇಷನ್ ರೆಸಿಸ್ಟೆನ್ಸ್ (ಗಾಳಿಗೆ ಹೋಗುವ ಶಕ್ತಿಯ ಪಾಲನ್ನು ಓಮ್‌ನಲ್ಲಿ ಹೇಳುವ ಲೆಕ್ಕ), ಬುಡದಲ್ಲಿ ಕಾಯಿಲ್ ಇದ್ದರೆ, 1.3 ಓಮ್ ಆಸುಪಾಸು. ಗ್ರೌಂಡಿನ ನಷ್ಟ 10 ಓಮ್, ಕಾಯಿಲ್ ನಷ್ಟ 5 ಓಮ್ ಅಂತ ಇಟ್ಟುಕೊಳ್ಳಿ. ಆಗ 100 ವ್ಯಾಟ್ ಕೊಟ್ಟರೆ ಗಾಳಿಗೆ ಹೋಗುವುದು 8 ವ್ಯಾಟ್. ಮಿಕ್ಕದ್ದು ಬಿಸಿಯಾಗಿ ಹೋಯಿತು. ಇಲ್ಲಿ ದೂರ ಮುಟ್ಟುವುದು ಅಂದರೆ ಈ ನಷ್ಟದ ಓಮ್‌ಗಳನ್ನು ಕಿತ್ತುಹಾಕುವ ಕೆಲಸ.

ಕಡ್ಡಿ ಆದಷ್ಟು ಉದ್ದ ಇರಲಿ. ಕಡ್ಡಿಯ ಉದ್ದ ಎರಡು ಪಟ್ಟಾದರೆ ರೇಡಿಯೇಷನ್ ರೆಸಿಸ್ಟೆನ್ಸ್ ನಾಲ್ಕು ಪಟ್ಟಾಗುತ್ತದೆ. ಕಾಯಿಲ್ ಬುಡಕ್ಕಿಂತ ನಡುವಿನಲ್ಲಿದ್ದರೆ ಒಳ್ಳೆಯದು, ಯಾಕೆಂದರೆ ಕೆಳಗಿನ ಭಾಗದಲ್ಲಿ ಕರೆಂಟ್ ತುಂಬಿ ಹರಿಯುತ್ತದೆ. ಕಾಯಿಲ್ ದಪ್ಪ ತಂತಿಯದು, ಅಗಲ ಸುತ್ತಿನದು ಇರಲಿ. ತುದಿಯಲ್ಲಿ ಕೆಪಾಸಿಟಿ ಹ್ಯಾಟ್ (ಅಡ್ಡಕ್ಕೆ ಹರಡಿದ ತಂತಿಗಳು) ಇದ್ದರೆ ಚಿಕ್ಕ ಕಾಯಿಲ್ ಸಾಕಾಗುತ್ತದೆ.

ಮಾದರಿಗಳಲ್ಲಿ ಮೂರು ದಾರಿ. ಒಂದೊಂದು ಬ್ಯಾಂಡಿಗೆ ಒಂದೊಂದು ಫೈಬರ್ ಕಡ್ಡಿ, ಸುತ್ತಲೂ ತಂತಿ ಸುತ್ತಿದ್ದು: ಅಗ್ಗ, ಹಗುರ, 20 ಮೀಟರ್ (14 ಮೆಗಾಹರ್ಟ್ಸ್) ಮತ್ತು ಅದರ ಮೇಲಿನ ಬ್ಯಾಂಡ್‌ಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಬ್ಯಾಂಡ್ ಬದಲಿಸಲು ಗಾಡಿ ನಿಲ್ಲಿಸಿ ಇಳಿಯಬೇಕು. 40 ಮೀಟರಿನಲ್ಲಿ ಟ್ಯೂನ್ ಆದ ಜಾಗ ಕಿರಿದು. ಸ್ಕ್ರೂಡ್ರೈವರ್ ಆಂಟೆನಾದಲ್ಲಿ ಮೋಟಾರ್ ಕಾಯಿಲನ್ನು ಮೇಲೆ ಕೆಳಗೆ ಮಾಡುತ್ತದೆ, ಕೂತಲ್ಲೇ ಬೇಕಾದ ಫ್ರೀಕ್ವೆನ್ಸಿಗೆ ತರಬಹುದು. ಭಾರ, ದುಬಾರಿ, ಗಟ್ಟಿ ಮೌಂಟ್ ಬೇಕು. 40 ಮೀಟರಿನಲ್ಲಿ ನಿಜವಾಗಿ ಮಾತಾಡಬೇಕು ಅನ್ನುವವರಿಗೆ ನನ್ನ ಮತ ಇದಕ್ಕೇ. ಮೂರನೆಯದು ಉದ್ದದ ಕಡ್ಡಿ ಮತ್ತು ಆಟೋ ಟ್ಯೂನರ್ (ಆಂಟೆನಾವನ್ನು ಸೆಟ್ಟಿಗೆ ತಾನೇ ಹೊಂದಿಸುವ ಪೆಟ್ಟಿಗೆ). ಟ್ಯೂನರ್ ಕಡ್ಡಿಯ ಬುಡದಲ್ಲೇ ಇದ್ದರೆ ಸರಿ. ಸೆಟ್ಟಿನೊಳಗಿನ ಟ್ಯೂನರಿನಿಂದ ಕೇಬಲ್ ಮೂಲಕ ಟ್ಯೂನ್ ಮಾಡಿದರೆ ಸೆಟ್ಟಿಗೆ ಸಮಾಧಾನ, ಸಿಗ್ನಲ್ ಮಾತ್ರ ಕೇಬಲಿನಲ್ಲೇ ಸಾಯುತ್ತದೆ.

ಎಸ್‌ಡಬ್ಲ್ಯೂಆರ್ ಇಲ್ಲಿ ಉಲ್ಟಾ ಓದಬೇಕು. ಒಳ್ಳೆಯ ಎಚ್‌ಎಫ್ ಮೊಬೈಲ್ ಆಂಟೆನಾದ ಬುಡದ ರೆಸಿಸ್ಟೆನ್ಸ್ 50 ಓಮ್‌ಗಿಂತ ತುಂಬ ಕಡಿಮೆ. ಅದನ್ನು ಸರಿಹೊಂದಿಸಲು ಬುಡದಲ್ಲಿ ಒಂದು ಸಣ್ಣ ಶಂಟ್ ಕಾಯಿಲ್ (ಕಡ್ಡಿಯ ಬುಡದಿಂದ ಗ್ರೌಂಡಿಗೆ ಹಾಕುವ ಕಾಯಿಲ್) ಬೇಕಾಗುತ್ತದೆ. ಮ್ಯಾಚಿಂಗ್ ಏನೂ ಇಲ್ಲದೆ 40 ಮೀಟರಿನಲ್ಲಿ 1.1 ಬಂತು ಅಂದರೆ ಖುಷಿಪಡಬೇಡಿ. ಉಳಿದ ಓಮ್‌ಗಳೆಲ್ಲ ನಷ್ಟದಿಂದ ಬಂದವು. ಗ್ರೌಂಡ್ ಸರಿಮಾಡಿದ ಮೇಲೆ ಎಸ್‌ಡಬ್ಲ್ಯೂಆರ್ ಏರಿದರೆ ಕೆಲಸ ಸರಿಯಾಗುತ್ತಿದೆ ಅಂತಲೇ ಅರ್ಥ.

ಮ್ಯಾಗ್ನೆಟ್ ಮೌಂಟ್ ಇಲ್ಲಿ ಸೋಲುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಅದರ ಅಡಿಯ ಕೆಪಾಸಿಟರ್ ದಾಟುವುದು ಕರೆಂಟಿಗೆ ಕಷ್ಟವಾಗುತ್ತದೆ. ಬಾಡಿಗೆ ನೇರವಾಗಿ ಬೋಲ್ಟ್ ಹಾಕಿದ ಮೌಂಟ್ ಬೇಕು. ಬಾನೆಟ್, ಡಿಕ್ಕಿ, ಬಾಗಿಲು, ಇವುಗಳನ್ನೆಲ್ಲ ಹೆಣಿಗೆ ಪಟ್ಟಿಯಿಂದ ಬಾಡಿಗೆ ಜೋಡಿಸಿ. ಸೈಲೆನ್ಸರ್ ಪೈಪ್ ರಬ್ಬರಿನಲ್ಲಿ ನೇತಾಡುತ್ತಿರುತ್ತದೆ, ಇಂಜಿನ್ನಿನ ಗದ್ದಲವನ್ನು ಆಂಟೆನಾದ ಹಾಗೆ ಬಿಡುತ್ತದೆ. ಅದಕ್ಕೂ ಒಂದೆರಡು ಕಡೆ ಪಟ್ಟಿ ಕೊಡಿ. 100 ವ್ಯಾಟಿನ ಸೆಟ್ 20 ಆಂಪಿಯರಿನಷ್ಟು ಎಳೆಯುತ್ತದೆ, 5 ಮೀಟರ್ ದೂರಕ್ಕೆ 4 ಚದರ ಮಿ.ಮೀ. ವೈರಿನಲ್ಲಿ 0.86 ವೋಲ್ಟ್ ಬೀಳುತ್ತದೆ, 10 ಚದರ ಮಿ.ಮೀ. ಆದರೆ 0.34.

ಎರಡು ಆಂಟೆನಾ ಹೋಲಿಸುವುದು ಹೇಗೆ?

ಸಿಗ್ನಲ್ ಜೋರಾಗಿರುವ ಜಾಗದಲ್ಲಿ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಎಫ್‌ಎಂ ಸೆಟ್ಟಿಗೆ ಸಿಗ್ನಲ್ ಪೂರ್ತಿ ಸಿಕ್ಕಿದ ಮೇಲೆ 10 ಡಿಬಿ ಜಾಸ್ತಿಯಾದರೂ ಕಿವಿಗೆ ಒಂದೇ. ರಿಪೀಟರ್ ಒಡೆದು ಕೇಳುವ ಅಂಚಿಗೆ ಹೋಗಿ. ಅಲ್ಲಿ ಒಂದು ಮೀಟರ್ ಮುಂದೆ ಹೋದರೆ ಸಿಗ್ನಲ್ ಏರುತ್ತದೆ, ಇನ್ನೊಂದಿಷ್ಟು ಹೋದರೆ ಇಳಿಯುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ನಿಂತು ತೀರ್ಮಾನ ಮಾಡಬೇಡಿ, ನಿಧಾನವಾಗಿ ಹತ್ತಿಪ್ಪತ್ತು ಮೀಟರ್ ಓಡಿಸಿ. ಗಾಡಿಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ.

ಅಳತೆಗೋಲಾಗಿ ಸೆಟ್ಟಿನ ಪವರ್ ಗುಂಡಿಯನ್ನೇ ಬಳಸಿ. ಹಳೆಯ ಆಂಟೆನಾದಲ್ಲಿ 50 ವ್ಯಾಟಿಗೆ ಬಂದ ರಿಪೋರ್ಟ್ ಹೊಸದರಲ್ಲಿ 25 ವ್ಯಾಟಿಗೇ ಬಂದರೆ ನೀವು 3 ಡಿಬಿ ಗಳಿಸಿದ್ದೀರಿ. 5 ವ್ಯಾಟಿಗೇ ಬಂದರೆ 10 ಡಿಬಿ. ಆ ಕಡೆ ಕೇಳುವವರು ಒಬ್ಬರೇ ಇರಲಿ. ಯಾವ ಆಂಟೆನಾ ಯಾವಾಗ ಹಾಕಿದ್ದೀರಿ ಅಂತ ಅವರಿಗೆ ಮೊದಲೇ ಹೇಳಬೇಡಿ.